ಹದ್ದಿನ ತನಕ ಹೋಗದ ಆ ತೊಂಬತ್ತು ಪಾಲು ಎಲ್ಲಿ ಹೋಯ್ತು?

ಪ್ರಶ್ನೆ: ಮಗಳಿಗೆ ಆಹಾರ ಸರಪಳಿಯ ಪಾಠ ಹೇಳಿಕೊಡುತ್ತಿದ್ದೆ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಒಂದು ಹಂತದಿಂದ ಇನ್ನೊಂದಕ್ಕೆ ಶೇ. 10ರಷ್ಟು ಶಕ್ತಿ ಮಾತ್ರ ಹೋಗುತ್ತದೆ ಎಂದು ಪುಸ್ತಕದಲ್ಲಿದೆ. “ಹಾಗಾದ್ರೆ ಉಳಿದ ತೊಂಬತ್ತು ವೇಸ್ಟಾ?” ಎಂದು ಕೇಳಿದಳು. ನನಗೆ ಸರಿಯಾದ ಉತ್ತರ ಗೊತ್ತಾಗಲಿಲ್ಲ. ಹದ್ದನ್ನು ತಿಂದು ಬದುಕುವ ಪ್ರಾಣಿ ಯಾಕಿಲ್ಲ? ಕೆಳಗೆ ಸಸ್ಯ, ಮೇಲೆ ಬೇಟೆಗಾರ ಎಂದು ಹಂತಗಳನ್ನು ಪೇರಿಸಿ ಬರೆಯುವ ಪಿರಮಿಡ್ ಸಮುದ್ರದಲ್ಲಿ ತಲೆಕೆಳಗಾಗಿರುತ್ತದೆ ಅಂತಾರೆ, ನಿಜವೇ? ಸೂರ್ಯನ ಹಂಗೇ ಇಲ್ಲದ ಜೀವಿಗಳೂ ಇವೆಯೇ?

ಉತ್ತರ: ನಿಮ್ಮ ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಡೀ ವಿಷಯದ ಬುಡಕ್ಕೇ ಕೈ ಹಾಕಿದ್ದಾಳೆ ಅವಳು. ಆ ತೊಂಬತ್ತು ಪಾಲಿನ ಬಲದಿಂದಲೇ ಮಿಡತೆ ನೆಗೆಯಿತು, ಕಪ್ಪೆ ವಟಗುಟ್ಟಿತು, ಹಾವು ಹರಿದಾಡಿತು. ಯಾವ ಪ್ರಾಣಿಯೂ ತಿಂದದ್ದನ್ನೆಲ್ಲ ಮೈಗೂಡಿಸಿಕೊಳ್ಳುವುದಿಲ್ಲ. ಬಹುಪಾಲು ಬದುಕಿರುವುದಕ್ಕೇ ಖರ್ಚಾಗುತ್ತದೆ. ಖರ್ಚಾಗದೆ ಮಾಂಸವಾಗಿ, ಕೊಬ್ಬಾಗಿ, ಮೊಟ್ಟೆಯಾಗಿ ಉಳಿದದ್ದು ಮಾತ್ರ ಅದನ್ನು ತಿನ್ನುವ ಪ್ರಾಣಿಗೆ ಸಿಗುತ್ತದೆ. ಬದುಕಿಗೆ ಆದ ಖರ್ಚನ್ನು ವೇಸ್ಟ್ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಆದರೆ ಇದು ಅರ್ಧ ಉತ್ತರ. ಉಳಿದರ್ಧ ಪುಸ್ತಕದ ಚಿತ್ರದಲ್ಲಿ ಕಾಣುವುದೇ ಇಲ್ಲ. ಹುಲ್ಲಿನಿಂದ ಹದ್ದಿನವರೆಗಿನ ಸಾಲು ಪ್ರಕೃತಿಯಲ್ಲಿ ಶಕ್ತಿ ಹರಿಯುವ ಮುಖ್ಯ ದಾರಿಯಲ್ಲ. ಅದೊಂದು ಕವಲು. ನೆಲದ ಮೇಲೆ ಗಿಡಮರಗಳು ಕಟ್ಟಿದ್ದರಲ್ಲಿ ಹೆಚ್ಚಿನ ಪಾಲನ್ನು ಯಾವ ಪ್ರಾಣಿಯೂ ಹಸಿಯಾಗಿ ಮೇಯುವುದಿಲ್ಲ. ಅದು ಉದುರಿ, ಒಣಗಿ, ಕೊಳೆತು ಬೇರೆಯವರ ಪಾಲಾಗುತ್ತದೆ. ಆ ಕಡೆಗೆ ಆಮೇಲೆ ಬರುತ್ತೇನೆ.

ಮೊದಲು ಬಿಸಿಲು. ವಾತಾವರಣದ ಹೊರಗೆ, ಸೂರ್ಯನಿಗೆ ನೇರ ಮುಖ ಮಾಡಿದ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,361 ವ್ಯಾಟ್ ಶಕ್ತಿ ಬೀಳುತ್ತದೆ. ರಾತ್ರಿ, ಮೋಡ, ಓರೆ ಬಿಸಿಲು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ ನೆಲಕ್ಕೆ ಮುಟ್ಟುವುದು ಅದರಲ್ಲಿ ಸ್ವಲ್ಪ ಭಾಗ. ಮುಟ್ಟಿದ್ದರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಬೆಳಕನ್ನು ಮಾತ್ರ ಎಲೆಯ ಹಸಿರು ಬಳಸಿಕೊಳ್ಳಬಲ್ಲದು. ಕೊನೆಗೆ ವರ್ಷವಿಡೀ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲು, ಎಷ್ಟೋ ಕಡೆ ಅದಕ್ಕಿಂತಲೂ ಕಡಿಮೆ, ಸಕ್ಕರೆಯಾಗಿ ಗಿಡದೊಳಗೆ ಸೇರುತ್ತದೆ. ಅಂದರೆ ಅತಿ ದೊಡ್ಡ ಸೋರಿಕೆ ಇರುವುದು ಪ್ರಾಣಿ ಪ್ರಾಣಿಗಳ ನಡುವೆ ಅಲ್ಲ, ಬಿಸಿಲು ಮತ್ತು ಎಲೆಯ ನಡುವೆ. ಅಷ್ಟೇ ಅಲ್ಲ, ಗಿಡವೂ ಉಸಿರಾಡುತ್ತದೆ. ತಾನು ಮಾಡಿದ ಸಕ್ಕರೆಯಲ್ಲಿ ಅರ್ಧದ ಆಸುಪಾಸನ್ನು ತಾನೇ ಸುಟ್ಟುಕೊಳ್ಳುತ್ತದೆ. ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ಗಿಡ ಬೇರೆಯವರಿಗಾಗಿ ಅಡುಗೆ ಮಾಡಿಡುವ ಕಾರ್ಖಾನೆ ಅಂದುಕೊಂಡುಬಿಡುತ್ತಾರೆ ಅವರು.

ಈಗ ಎಲೆಯಿಂದ ಹುಳುವಿಗೆ ಬರೋಣ. ಇಲ್ಲಿ ಶಕ್ತಿ ಮೂರು ಕಡೆ ಸೋರುತ್ತದೆ. ಮೊದಲನೆಯದು, ಎಲ್ಲ ಎಲೆಯನ್ನೂ ಯಾರೂ ತಿನ್ನುವುದಿಲ್ಲ. ಎರಡನೆಯದು, ತಿಂದದ್ದೆಲ್ಲ ಜೀರ್ಣವಾಗುವುದಿಲ್ಲ. ಮೂರನೆಯದು, ಜೀರ್ಣವಾದದ್ದೆಲ್ಲ ಮೈಯಾಗುವುದಿಲ್ಲ. ಒಂದು ಕಂಬಳಿಹುಳು 200 ಜೂಲ್ ಶಕ್ತಿ ಇರುವ ಎಲೆ ತಿಂದಿತು ಅನ್ನಿ. ಅದರಲ್ಲಿ ಸುಮಾರು 100 ಜೂಲ್ ಹಿಕ್ಕೆಯಾಗಿ ಹೊರಗೆ ಬೀಳುತ್ತದೆ. 67 ಜೂಲ್‌ನಷ್ಟು ಉಸಿರಾಟದಲ್ಲಿ ಸುಟ್ಟು ಶಾಖವಾಗುತ್ತದೆ. ಉಳಿದ 33 ಜೂಲ್ ಹುಳುವಿನ ಮೈ. ಹುಳುವನ್ನು ಕುಕ್ಕುವ ಹಕ್ಕಿಗೆ ಸಿಗುವುದು ಇಷ್ಟೇ.

ಎರಡನೆಯ ಸೋರಿಕೆ ಊಟದ ಮೇಲೆ ನಿಂತಿದೆ. ಮಾಂಸ ಚೆನ್ನಾಗಿ ಜೀರ್ಣವಾಗುತ್ತದೆ, ತಿಂದದ್ದರಲ್ಲಿ ಶೇ. 80ರಷ್ಟು ಮೈಗೆ ಇಳಿಯುತ್ತದೆ. ಸೊಪ್ಪು, ನಾರು ಹಾಗಲ್ಲ. ಆನೆ ತಿಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಲದ್ದಿಯಾಗಿ ಹೊರಬರುತ್ತದೆ. ಆ ಲದ್ದಿಯನ್ನೇ ನಂಬಿ ಸಗಣಿ ಜೀರುಂಡೆಗಳ ದೊಡ್ಡ ಸಂಸಾರವೇ ಬದುಕುತ್ತದೆ. ಆನೆಯ ಲೆಕ್ಕದಲ್ಲಿ ನಷ್ಟ ಎಂದು ಬರೆದದ್ದು ಜೀರುಂಡೆಯ ಲೆಕ್ಕದಲ್ಲಿ ಆದಾಯ.

ಮೂರನೆಯ ಸೋರಿಕೆ ನನಗೆ ಎಲ್ಲಕ್ಕಿಂತ ಕುತೂಹಲದ್ದು. ನಾವು, ಇಲಿ, ಹಕ್ಕಿ ಎಲ್ಲ ಬಿಸಿ ರಕ್ತದವರು. ಹೊರಗೆ ಎಷ್ಟೇ ಚಳಿ ಇರಲಿ, ಮೈ ಬಿಸಿಯಾಗಿಯೇ ಇರಬೇಕು. ಅದಕ್ಕೆ ಹಗಲೂ ರಾತ್ರಿ ಉರುವಲು ಬೇಕು. ಹಾಗಾಗಿ ಸಸ್ತನಿಗಳು ಮತ್ತು ಹಕ್ಕಿಗಳು ಮೈಗೆ ಇಳಿದ ಶಕ್ತಿಯಲ್ಲಿ ಶೇ. 1ರಿಂದ 3ರಷ್ಟನ್ನು ಮಾತ್ರ ಹೊಸ ಮಾಂಸ, ಹೊಸ ಮರಿಗಳಾಗಿ ಮಾಡುತ್ತವೆ. ಉಳಿದದ್ದೆಲ್ಲ ಶಾಖ. ಮೀನುಗಳಲ್ಲಿ ಇದು ಶೇ. 10ರ ಹತ್ತಿರ. ಎಲೆ ತಿನ್ನುವ ಕೀಟಗಳಲ್ಲಿ ಶೇ. 40ರ ಹತ್ತಿರ. ಎಷ್ಟು ದೊಡ್ಡ ಅಂತರ ನೋಡಿ! ನಿಮ್ಮ ಪುಸ್ತಕದ ಸಾಲಿನಲ್ಲಿ ಮಿಡತೆ, ಕಪ್ಪೆ, ಹಾವು ಮೂರೂ ತಮ್ಮ ಮೈಯನ್ನು ಒಳಗಿನಿಂದ ಕಾಯಿಸಿಕೊಳ್ಳದ ಪ್ರಾಣಿಗಳು. ಅಷ್ಟು ದೂರ ಹೋದಮೇಲೂ ಹದ್ದಿಗೆ ಒಂದಿಷ್ಟು ಶಕ್ತಿ ಉಳಿದಿರುವುದು ಅದಕ್ಕೇ. ನಡುವೆ ಎರಡು ಕಡೆ ಇಲಿ, ಮುಂಗುಸಿಯಂಥವನ್ನು ಇಟ್ಟು ನೋಡಿ, ಕೊನೆಯಲ್ಲಿ ಸಿಗುವುದು ಚೂರೇ ಚೂರು.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಬ್ಬರ್ಡ್ ಬ್ರೂಕ್ ಎಂಬ ಕಾಡಿದೆ. 1970ರ ದಶಕದಲ್ಲಿ ಅಲ್ಲಿನ ಸಲಮಾಂಡರ್‌ಗಳ ಲೆಕ್ಕ ಹಾಕಿದರು. ಇವು ಕಪ್ಪೆಯ ದೂರದ ನೆಂಟರು, ಹಲ್ಲಿಯಂತೆ ಕಾಣುತ್ತವೆ, ತರಗೆಲೆಯ ಕೆಳಗೆ ಇರುತ್ತವೆ. ಕಾಡಿಗೆ ಹೋದವರಿಗೆ ಹಕ್ಕಿಗಳು ಕಾಣುತ್ತವೆ, ಇವು ಕಾಣುವುದೇ ಇಲ್ಲ. ಆದರೆ ತೂಕ ಹಾಕಿದರೆ, ಹಕ್ಕಿಗಳು ಗೂಡು ಕಟ್ಟಿ ಅತಿ ಹೆಚ್ಚಿರುವ ಕಾಲದಲ್ಲೂ ಸಲಮಾಂಡರ್‌ಗಳ ಒಟ್ಟು ತೂಕ ಹಕ್ಕಿಗಳ ತೂಕದ ಎರಡರಷ್ಟಿತ್ತು. ಇಲಿಯಂಥ ಸಣ್ಣ ಸಸ್ತನಿಗಳ ಒಟ್ಟು ತೂಕಕ್ಕೆ ಸರಿಸಮ ಇತ್ತು. ಮೈ ಕಾಯಿಸುವ ಖರ್ಚಿಲ್ಲದ ಪ್ರಾಣಿ ಕಡಿಮೆ ಊಟದಲ್ಲೇ ಹೀಗೆ ಮೈ ಬೆಳೆಸಿಕೊಳ್ಳುತ್ತದೆ.

ಹಾಗಿದ್ದರೆ ಶೇ. 10 ಎನ್ನುವ ನಿಯಮ ಎಲ್ಲಿಂದ ಬಂತು? ಇದನ್ನು ರೇಮಂಡ್ ಲಿಂಡ್‌ಮನ್ ಹೆಸರಿಗೆ ಕಟ್ಟುವುದು ರೂಢಿ. ಅಮೆರಿಕದ ಮಿನ್ನೆಸೋಟ ರಾಜ್ಯದ ಸೀಡರ್ ಬಾಗ್ ಎಂಬ ಚಿಕ್ಕ ಕೆರೆಯನ್ನು ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕೆರೆಯ ಜೀವಿಗಳನ್ನು ಹೆಸರಿನಿಂದ ಗುರುತಿಸುವುದರ ಜೊತೆಗೆ ಶಕ್ತಿಯ ಲೆಕ್ಕದಲ್ಲೂ ಅಳೆಯಬಹುದು ಎಂದು ತೋರಿಸಿದರು. ಆ ಲೇಖನವನ್ನು ಮೊದಲು ಪರಿಶೀಲಕರು ಬೇಡವೆಂದರು. ಆಮೇಲೆ ಹಿರಿಯ ವಿಜ್ಞಾನಿ ಎವೆಲಿನ್ ಹಚಿನ್ಸನ್ ಬೆಂಬಲಕ್ಕೆ ನಿಂತರು. 1942ರ ಅಕ್ಟೋಬರಿನಲ್ಲಿ ಅದು ಅಚ್ಚಾಗುವ ಹೊತ್ತಿಗೆ ಲಿಂಡ್‌ಮನ್ ಬದುಕಿರಲಿಲ್ಲ. ಅದೇ ಜೂನ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದರು, 27ನೇ ವಯಸ್ಸಿಗೆ. ಇಂದಿಗೂ ಈ ವಿಷಯ ಹೇಳಿಕೊಡುವಾಗಲೆಲ್ಲ ಆ ಹುಡುಗನ ನೆನಪಾಗಿ ಸಂಕಟವಾಗುತ್ತದೆ ನನಗೆ.

ಅವರ ಅಂಕಿಗಳನ್ನು ತೆರೆದು ನೋಡಿದರೆ ಅಲ್ಲಿ 10 ಸಿಗುವುದಿಲ್ಲ. ಬಿಸಿಲಿನಿಂದ ಸಸ್ಯಗಳಿಗೆ ಶೇ. 0.1. ಸಸ್ಯಗಳಿಂದ ಅವನ್ನು ತಿನ್ನುವವಕ್ಕೆ ಶೇ. 13.3. ಅಲ್ಲಿಂದ ಮಾಂಸಾಹಾರಿಗಳಿಗೆ ಶೇ. 22.3. ಮೇಲೆ ಹೋದಂತೆ ಪಾಲು ಹೆಚ್ಚುತ್ತಿತ್ತು. ಬೇರೆ ಬೇರೆ ಕಡೆಯ ಅಳತೆಗಳು ಸಾಮಾನ್ಯವಾಗಿ 5ರಿಂದ 20ರ ನಡುವೆ ಬರುತ್ತವೆ. ಹತ್ತು ಎನ್ನುವುದು ಅವುಗಳ ನಡುವಿನ ಒಂದು ಸುಲಭದ ಅಂಕಿ, ಅಷ್ಟೇ. ಪರೀಕ್ಷೆಗೆ ಅದನ್ನೇ ಬರೆಯಲಿ, ತೊಂದರೆ ಇಲ್ಲ. ಆದರೆ ಗುರುತ್ವಾಕರ್ಷಣೆಯಂತೆ ಎಲ್ಲೆಲ್ಲೂ ಒಂದೇ ಥರ ನಡೆಯುವ ನಿಯಮ ಅಂದುಕೊಳ್ಳುವುದು ಬೇಡ.

ನಿಜವಾದ ಲೆಕ್ಕ ಹೇಗಿರುತ್ತದೆ ಎಂದು ನೋಡಲು ನಾನು ಯಾವಾಗಲೂ ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್ ಎಂಬ ಬುಗ್ಗೆಯ ಕಡೆಗೆ ಹೋಗುತ್ತೇನೆ. ಹೊವರ್ಡ್ ಓಡಮ್ ಎಂಬ ವಿಜ್ಞಾನಿ 1957ರಲ್ಲಿ ಇದರ ಲೆಕ್ಕ ಪ್ರಕಟಿಸಿದರು. ಜಾಗದ ಆಯ್ಕೆಯೇ ಜಾಣತನದ್ದು. ನೀರು ತಿಳಿ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ತಾಪ, ಒಂದೇ ರೀತಿಯ ಹರಿವು. ಹರಿಯುವ ನೀರಿನಲ್ಲಿ ಆಮ್ಲಜನಕ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅಳೆದರೆ ಸಸ್ಯಗಳು ಎಷ್ಟು ಕಟ್ಟಿದವು, ಎಲ್ಲರೂ ಸೇರಿ ಎಷ್ಟು ಉಸಿರಾಡಿದರು ಎಂಬುದು ಸಿಗುತ್ತದೆ.

ಲೆಕ್ಕ ಒಂದು ಚದರ ಮೀಟರಿಗೆ, ಒಂದು ವರ್ಷಕ್ಕೆ, ಕಿಲೋಕ್ಯಾಲರಿಗಳಲ್ಲಿ. ಬಿದ್ದ ಬಿಸಿಲು 17 ಲಕ್ಷ. ಸಸ್ಯಗಳು ಕಟ್ಟಿದ್ದು 20,810, ಅಂದರೆ ನೂರಕ್ಕೆ ಒಂದು ಚಿಲ್ಲರೆ. ಅದರಲ್ಲಿ 11,977 ಸಸ್ಯಗಳ ಉಸಿರಾಟಕ್ಕೇ ಹೋಯಿತು. ಆಮೆ, ಶಂಖದ ಹುಳು, ಹುಲ್ಲು ಮೇಯುವ ಮೀನು ಇಂಥವುಗಳ ಮೈಗೆ ಇಳಿದದ್ದು 3,368. ಅವನ್ನು ತಿನ್ನುವ ಪ್ರಾಣಿಗಳಿಗೆ 383. ಕಟ್ಟಕಡೆಯ ದೊಡ್ಡ ಬೇಟೆ ಮೀನುಗಳಿಗೆ 21. ಹದಿನೇಳು ಲಕ್ಷದಿಂದ ಇಪ್ಪತ್ತೊಂದಕ್ಕೆ! ಹಂತ ಹಂತವಾಗಿ ನೋಡಿದರೆ ಸುಮಾರು ಶೇ. 16, 11 ಮತ್ತು 5. ಇಲ್ಲೂ ಸರಿಯಾಗಿ ಹತ್ತು ಎಲ್ಲಿಯೂ ಇಲ್ಲ.

ಇನ್ನು ನಿಮ್ಮ ಮಗಳ ತೊಂಬತ್ತು. ಓಡಮ್ ಅದನ್ನೂ ಬಿಡಲಿಲ್ಲ. ಪ್ರವಾಸಿಗರು ಮೀನುಗಳಿಗೆ ಎಸೆಯುವ ಬ್ರೆಡ್‌ನ ಶಕ್ತಿಯನ್ನೂ ಸೇರಿಸಿದರು, ಅದು 486. ಸಸ್ಯಗಳು ಕಟ್ಟಿದ್ದರ ಜೊತೆ ಕೂಡಿಸಿದರೆ ಒಟ್ಟು ಆದಾಯ 21,296. ಖರ್ಚಿನ ಕಡೆ ಎಲ್ಲ ಜೀವಿಗಳ ಉಸಿರಾಟದಲ್ಲಿ ಶಾಖವಾದದ್ದು 18,796. ನೀರಿನ ಜೊತೆ ಕೆಳಕ್ಕೆ ಕೊಚ್ಚಿಹೋದದ್ದು 2,500. ಕೂಡಿಸಿ ನೋಡಲಿ ಅವಳು, 21,296. ಒಂದು ಕ್ಯಾಲರಿಯೂ ಮಾಯವಾಗಿಲ್ಲ. ಶಕ್ತಿ ನಾಶವಾಗುವುದಿಲ್ಲ ಎಂದು ಭೌತಶಾಸ್ತ್ರದ ಪಾಠದಲ್ಲಿ ಓದಿದ ಮಾತು ಒಂದು ಬುಗ್ಗೆಯ ನೀರಿನಲ್ಲಿ ಹೀಗೆ ಕಾಣಿಸುತ್ತದೆ.

ಇದೇ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ, ನನಗೆ ಅದೇ ಮುಖ್ಯ. ಕೊಳೆಸುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಗೆ ಸಿಕ್ಕದ್ದು 5,060. ಸಸ್ಯ ತಿನ್ನುವ ಎಲ್ಲ ಪ್ರಾಣಿಗಳಿಗೂ ಸೇರಿ ಸಿಕ್ಕದ್ದಕ್ಕಿಂತ ಇದು ಜಾಸ್ತಿ! ನೀರಿನಲ್ಲೇ ಹೀಗಾದರೆ ನೆಲದ ಮೇಲೆ ಕೇಳುವುದೇ ಬೇಡ. ಒಂದು ದಟ್ಟ ಕಾಡಿನಲ್ಲಿ ಹುಳುಹುಪ್ಪಟೆ, ಮಂಗ, ಜಿಂಕೆ ಎಲ್ಲ ಸೇರಿ ತಿನ್ನುವುದು ಸಾಮಾನ್ಯವಾಗಿ ಎಲೆಗಳಲ್ಲಿ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ಉಳಿದದ್ದು ನೆಲಕ್ಕೆ ಬೀಳುತ್ತದೆ. ಶಿಲೀಂಧ್ರ, ಬ್ಯಾಕ್ಟೀರಿಯಾ, ಗೆದ್ದಲು, ಎರೆಹುಳು, ಸಹಸ್ರಪದಿ ಇವುಗಳ ಸರಪಳಿ ಅಲ್ಲಿ ಶುರುವಾಗುತ್ತದೆ. ಆ ಸರಪಳಿಯಲ್ಲೂ ಬೇಟೆ ಉಂಟು. ಎರೆಹುಳುವನ್ನು ಹಕ್ಕಿ ತಿನ್ನುತ್ತದೆ, ಗೆದ್ದಲನ್ನು ಕರಡಿ ತಿನ್ನುತ್ತದೆ. ಸಲಮಾಂಡರ್‌ಗಳ ಹೊಟ್ಟೆ ಹೊರೆಯುವುದೂ ಮುಖ್ಯವಾಗಿ ಇದೇ ತರಗೆಲೆಯ ಲೋಕ. ಪಠ್ಯಪುಸ್ತಕಗಳು ಇವನ್ನೆಲ್ಲ “ವಿಘಟಕರು” ಎಂದು ಚಿತ್ರದ ಒಂದು ಮೂಲೆಯಲ್ಲಿ ಕೂರಿಸಿಬಿಡುತ್ತವೆ. ಇದು ಸರಿಯಲ್ಲ. ಕಾಡಿನ ಶಕ್ತಿಯ ಮುಖ್ಯ ಹೊಳೆ ಹರಿಯುವುದೇ ಅಲ್ಲಿ.

ಹಾಗಾಗಿ ಮಗಳ ಚಿತ್ರದಲ್ಲಿ ಒಂದು ತಿದ್ದುಪಡಿ ಮಾಡಿಸಿ. ಹುಲ್ಲಿನಿಂದ ಮಿಡತೆಗೆ ಒಂದು ತೆಳು ಬಾಣ, ಹುಲ್ಲಿನಿಂದ ಮಣ್ಣಿಗೆ ಒಂದು ದಪ್ಪ ಬಾಣ. ಮಿಡತೆ, ಕಪ್ಪೆ, ಹಾವು, ಹದ್ದು ಪ್ರತಿಯೊಂದರಿಂದಲೂ ಮಣ್ಣಿಗೆ ಒಂದೊಂದು ಬಾಣ. ಎಲ್ಲದರಿಂದಲೂ, ಮಣ್ಣಿನಿಂದಲೂ ಸೇರಿ, ಹೊರಕ್ಕೆ ಶಾಖದ ಬಾಣ. ಬಾಣದ ತಲೆ ತಿನ್ನುವವರ ಕಡೆಗೇ ಇರಲಿ. “ಹಾವು ಕಪ್ಪೆಯನ್ನು ತಿನ್ನುತ್ತದೆ” ಎಂದು ಓದಿಕೊಂಡು ಮಕ್ಕಳು ಉಲ್ಟಾ ಎಳೆಯುವುದು ತುಂಬ ಸಾಮಾನ್ಯ. ಬಾಣ ತೋರಿಸುವುದು ಶಕ್ತಿ ಹೋಗುವ ದಿಕ್ಕನ್ನು.

ಶಾಖದ ಬಾಣ ಎಲ್ಲಿಗೆ ಹೋಗುತ್ತದೆ ಎಂದು ಅವಳು ಖಂಡಿತ ಕೇಳುತ್ತಾಳೆ. ಮೊದಲು ಗಾಳಿಗೆ, ನೀರಿಗೆ. ಕೊನೆಗೆ ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಆಕಾಶಕ್ಕೆ. ಹರಡಿಹೋದ ಆ ಶಾಖವನ್ನು ಹಿಡಿದು ಮತ್ತೆ ಸಕ್ಕರೆ ಮಾಡಲು ಯಾವ ಎಲೆಗೂ ಆಗುವುದಿಲ್ಲ. ಇಲ್ಲಿಯೇ ಶಕ್ತಿಗೂ ವಸ್ತುವಿಗೂ ದೊಡ್ಡ ವ್ಯತ್ಯಾಸ. ಇಂಗಾಲ, ಸಾರಜನಕ, ರಂಜಕದ ಕಣಗಳು ಹುಲ್ಲಿನಿಂದ ಹಾವಿಗೆ, ಹಾವಿನಿಂದ ಮಣ್ಣಿಗೆ, ಮಣ್ಣಿನಿಂದ ಮತ್ತೆ ಹುಲ್ಲಿಗೆ ಸುತ್ತುತ್ತಲೇ ಇರುತ್ತವೆ. ಶಕ್ತಿ ಸುತ್ತುವುದಿಲ್ಲ. ಬರುತ್ತದೆ, ಹರಿಯುತ್ತದೆ, ಹೋಗುತ್ತದೆ. ನಾಳೆಯ ಬದುಕಿಗೆ ನಾಳೆಯ ಬಿಸಿಲೇ ಬೇಕು.

ಈಗ ಹದ್ದಿನ ವಿಷಯ. ಹದ್ದಿನ ಬದಲು ಹುಲಿಯನ್ನು ಇಟ್ಟುಕೊಂಡರೆ ಲೆಕ್ಕ ಚೆನ್ನಾಗಿ ಕಾಣುತ್ತದೆ. ಒಂದು ಹುಲಿಗೆ ಹೆಚ್ಚುಕಡಿಮೆ ವಾರಕ್ಕೊಂದು ಜಿಂಕೆ ಗಾತ್ರದ ಪ್ರಾಣಿ ಬೇಕು. ವರ್ಷಕ್ಕೆ 50 ಅನ್ನಿ. ಜಿಂಕೆಗಳ ಹಿಂಡು ಕರಗದೆ ಉಳಿಯಬೇಕಾದರೆ ಹುಲಿ ಅದರಲ್ಲಿ ವರ್ಷಕ್ಕೆ ಹತ್ತರಲ್ಲೊಂದು ಪಾಲು ಮಾತ್ರ ತೆಗೆಯಬಹುದು. ಅಂದರೆ ಒಂದು ಹುಲಿಯ ಹಿಂದೆ ಸುಮಾರು 500 ಜಿಂಕೆಗಳಿರಬೇಕು. ಬೇರೆ ಬೇರೆ ಮಾಂಸಾಹಾರಿಗಳನ್ನು ಹೋಲಿಸಿ 2002ರಲ್ಲಿ ಬಂದ ಒಂದು ಅಧ್ಯಯನವೂ ಇದೇ ಥರದ ಮಾತು ಹೇಳಿತು. 10,000 ಕಿಲೋ ಬೇಟೆ ಪ್ರಾಣಿಗಳಿದ್ದರೆ ಸುಮಾರು 90 ಕಿಲೋ ಮಾಂಸಾಹಾರಿ ಬದುಕಬಹುದು.

ಈಗ ಹುಲಿಯನ್ನೇ ಬೇಟೆಯಾಡಿ ಬದುಕುವ ಒಂದು ಪ್ರಾಣಿಯನ್ನು ಕಲ್ಪಿಸಿಕೊಳ್ಳಿ. ಅದಕ್ಕೂ ವಾರಕ್ಕೊಂದು ಹುಲಿ ಬೇಕು. ಅದೇ ಲೆಕ್ಕದಲ್ಲಿ 500 ಹುಲಿ ಇರಬೇಕು, ಅವುಗಳ ಹಿಂದೆ ಎರಡೂವರೆ ಲಕ್ಷ ಜಿಂಕೆ. ಅದೂ ಒಂದೇ ಒಂದು ಪ್ರಾಣಿಗೆ! ಜೋಡಿ, ಮರಿ, ವಂಶ ಎಂದರೆ ಇನ್ನೂ ಎಷ್ಟೋ ಪಟ್ಟು. ಅಷ್ಟು ದೂರ ದೂರ ಹರಡಿದ ಬೇಟೆಯನ್ನು ಹುಡುಕಿ ಅಲೆಯುವುದರಲ್ಲೇ ಅದರ ಶಕ್ತಿ ಮುಗಿದುಹೋಗುತ್ತದೆ. ಹದ್ದಿನ ಮೇಲೆ ಇನ್ನೊಂದು ದೊಡ್ಡ ಬೇಟೆಗಾರ ಇಲ್ಲದಿರುವುದಕ್ಕೆ ಇದು ಮುಖ್ಯ ಕಾರಣ. ಸಣ್ಣವು ಮಾತ್ರ ಉಂಟು. ಹದ್ದಿನ ರೆಕ್ಕೆಯಲ್ಲಿ ಹೇನು, ಕರುಳಿನಲ್ಲಿ ಹುಳು ಇರುತ್ತವೆ. ಅವುಗಳ ಮೈ ಚಿಕ್ಕದು, ಚೂರು ಶಕ್ತಿ ಸಾಕು.

ಸರಪಳಿಯ ಉದ್ದವನ್ನು ಶಕ್ತಿಯೊಂದೇ ತೀರ್ಮಾನಿಸುತ್ತದೆ ಎಂದು ಮಾತ್ರ ಹೇಳಲಾರೆ. ಹಾಗಿದ್ದರೆ ಸಮೃದ್ಧ ಜಾಗಗಳಲ್ಲೆಲ್ಲ ಸರಪಳಿ ಉದ್ದವಾಗಿರಬೇಕಿತ್ತು, ಅಲ್ವಾ? ಉತ್ತರ ಅಮೆರಿಕದ 25 ಸರೋವರಗಳನ್ನು ಹೋಲಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಗೆ ಕಾಣಲಿಲ್ಲ. ಸರಪಳಿಯ ಉದ್ದ ಸರೋವರದ ಗಾತ್ರದ ಜೊತೆ ಹೊಂದಿಕೊಂಡಿತ್ತು, ಸಮೃದ್ಧಿಯ ಜೊತೆಗಲ್ಲ. ಶಕ್ತಿ ಒಂದು ಮಿತಿ ಹಾಕುತ್ತದೆ. ಆ ಮಿತಿಯೊಳಗೆ ಜಾಗದ ವಿಸ್ತಾರ, ಅಲ್ಲಿ ಯಾರು ಯಾರು ಇದ್ದಾರೆ ಎಂಬುದೆಲ್ಲ ಸೇರಿ ನಿಜವಾದ ಉದ್ದ ಎಷ್ಟೆಂದು ತೀರ್ಮಾನವಾಗುತ್ತದೆ.

ಇದೇ ಸೋರಿಕೆಗೆ ಒಂದು ಅಪಾಯದ ಮಗ್ಗುಲೂ ಇದೆ. ಶಕ್ತಿ ಉರಿದು ಹೋಗುತ್ತದೆ, ಆದರೆ ಡಿಡಿಟಿ ಎಂಬ ಕೀಟನಾಶಕ, ಪಾದರಸದಂಥ ವಿಷಗಳು ಉರಿಯುವುದೂ ಇಲ್ಲ, ಸುಲಭವಾಗಿ ಹೊರಗೆ ಹೋಗುವುದೂ ಇಲ್ಲ. ಒಂದು ಕಿಲೋ ಮೈ ಬೆಳೆಸಲು ಹಲವು ಕಿಲೋ ತಿನ್ನಬೇಕಲ್ಲ, ಆ ಅಷ್ಟೂ ಊಟದ ವಿಷ ಆ ಒಂದು ಕಿಲೋದಲ್ಲಿ ಕೂತುಬಿಡುತ್ತದೆ. ಮೇಲಕ್ಕೆ ಹೋದಂತೆ ಶಕ್ತಿ ಕಡಿಮೆ, ವಿಷ ಜಾಸ್ತಿ. ಮೀನು ತಿನ್ನುವ ಹದ್ದುಗಳ ಮೊಟ್ಟೆಯ ಚಿಪ್ಪು ಡಿಡಿಟಿಯಿಂದ ತೆಳುವಾಗಿ, ಕಾವು ಕೊಡುವಾಗಲೇ ಒಡೆಯುತ್ತಿದ್ದದ್ದು ಹೀಗೆ.

ಸಮುದ್ರದ ಪಿರಮಿಡ್ ತಲೆಕೆಳಗು ಎಂದು ನೀವು ಕೇಳಿದ್ದು ನಿಜ, ಆದರೆ ತಲೆಕೆಳಗಾಗಿರುವುದು ತೂಕದ ಪಿರಮಿಡ್. ಶಕ್ತಿಯದಲ್ಲ. 2018ರಲ್ಲಿ ಭೂಮಿಯ ಎಲ್ಲ ಜೀವಿಗಳ ತೂಕದ ಅಂದಾಜು ಪ್ರಕಟವಾಯಿತು. ಇಂಗಾಲದ ಲೆಕ್ಕದಲ್ಲಿ ಸಮುದ್ರದ ಉತ್ಪಾದಕರೆಲ್ಲ, ಅಂದರೆ ತಮ್ಮ ಆಹಾರ ತಾವೇ ಕಟ್ಟಿಕೊಳ್ಳುವ ಜೀವಿಗಳೆಲ್ಲ, ಸೇರಿ ಸುಮಾರು 100 ಕೋಟಿ ಟನ್. ಅವನ್ನು ನಂಬಿದ ಉಳಿದ ಜೀವಿಗಳು ಸುಮಾರು 500 ಕೋಟಿ ಟನ್. ತಿನ್ನುವವರು ಐದು ಪಟ್ಟು ಹೆಚ್ಚು! ಆದರೆ ಸಮುದ್ರದ ಉತ್ಪಾದಕರಲ್ಲಿ ಹೆಚ್ಚಿನವು ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಸಸ್ಯ ಪ್ಲವಕಗಳು. ಕೆಲವೇ ದಿನಗಳಲ್ಲಿ ಹುಟ್ಟಿ, ಒಡೆದು ಎರಡಾಗಿ, ಯಾರದೋ ಬಾಯಿಗೆ ಬೀಳುತ್ತವೆ. ಚಿಕ್ಕ ಪಾತ್ರೆಯಲ್ಲೇ ದಿನಕ್ಕೆ ಹತ್ತು ಸಲ ಅಡುಗೆ ಮಾಡಿದರೆ ತುಂಬಾ ಜನರಿಗೆ ಬಡಿಸಬಹುದು. ಯಾವುದೇ ಕ್ಷಣ ಇಣುಕಿ ನೋಡಿದರೂ ಪಾತ್ರೆಯಲ್ಲಿ ಸ್ವಲ್ಪವೇ ಕಾಣುತ್ತದೆ. ನೆಲದ ಗಿಡಮರಗಳಲ್ಲಿ ಸುಮಾರು 45,000 ಕೋಟಿ ಟನ್ ಇಂಗಾಲ ಇದೆ. ಸಮುದ್ರದ ಉತ್ಪಾದಕರಲ್ಲಿ ಬರೀ 100 ಕೋಟಿ. ಆದರೂ ಒಂದು ವರ್ಷದಲ್ಲಿ ಭೂಮಿ ಹೊಸದಾಗಿ ಕಟ್ಟುವ ಒಟ್ಟು ಆಹಾರದಲ್ಲಿ ಅರ್ಧದ ಹತ್ತಿರ ಸಮುದ್ರದ್ದೇ. ವರ್ಷದಲ್ಲಿ ಎಷ್ಟು ಶಕ್ತಿ ಹರಿಯಿತು ಎಂದು ಅಳೆದರೆ ಪಿರಮಿಡ್ ನೆಟ್ಟಗೇ ಇರುತ್ತದೆ, ಸಮುದ್ರದಲ್ಲೂ. ಸ್ವಂತವಾಗಿ ನಿಂತ ಯಾವ ಜೀವಲೋಕದಲ್ಲೂ ಶಕ್ತಿಯ ಪಿರಮಿಡ್ ತಲೆಕೆಳಗಾಗಲು ಸಾಧ್ಯವಿಲ್ಲ. ತಿನ್ನುವವರಿಗೆ ಬಂದದ್ದು ತಿನ್ನಿಸಿಕೊಂಡವರಿಂದಲೇ ತಾನೇ?

ಅತಿ ದೊಡ್ಡ ಪ್ರಾಣಿಗಳು ಎಲ್ಲಿ ಕೂತಿವೆ ಎಂದೂ ನೋಡಿ. ನೆಲದ ಮೇಲೆ ಆನೆ, ನೇರ ಸೊಪ್ಪು ತಿನ್ನುತ್ತದೆ. ಸಮುದ್ರದಲ್ಲಿ ನೀಲಿ ತಿಮಿಂಗಿಲ, ಸಿಗಡಿಯಂಥ ಪುಟ್ಟ ಕ್ರಿಲ್‌ಗಳನ್ನು ತಿನ್ನುತ್ತದೆ. ಕ್ರಿಲ್‌ಗಳ ಊಟದಲ್ಲಿ ಹೆಚ್ಚಿನದು ಸಸ್ಯ ಪ್ಲವಕ. ನೂರು ಟನ್‌ಗೂ ಮೀರಿದ ಮೈಯನ್ನು ಸಾಕಲು ಸರಪಳಿಯ ಬುಡದ ಹತ್ತಿರವೇ ಬಾಯಿ ಇಡಬೇಕು.

ಕೊನೆಯ ಪ್ರಶ್ನೆ, ಸೂರ್ಯನ ಹಂಗಿಲ್ಲದವರು. 1977ರಲ್ಲಿ ಗಲಪಗೋಸ್ ದ್ವೀಪಗಳ ಹತ್ತಿರ, ಸುಮಾರು 2,500 ಮೀಟರ್ ಆಳದಲ್ಲಿ ಆಲ್ವಿನ್ ಎಂಬ ಜಲಾಂತರ ನೌಕೆ ಸಮುದ್ರತಳದ ಬಿಸಿನೀರಿನ ಬುಗ್ಗೆಗಳನ್ನು ಕಂಡಿತು. ಅಷ್ಟು ಆಳಕ್ಕೆ ಬಿಸಿಲು ಇಳಿಯುವುದೇ ಇಲ್ಲ. ಆದರೂ ಅಲ್ಲಿ ಚಿಪ್ಪಿನ ಜೀವಿಗಳು, ಏಡಿಗಳು, ಉದ್ದುದ್ದ ಕೊಳವೆ ಹುಳುಗಳು ಕಿಕ್ಕಿರಿದಿದ್ದವು. ಕೆಲವು ಕೊಳವೆ ಹುಳುಗಳು ಎರಡು ಮೀಟರ್ ಉದ್ದ ಬೆಳೆಯುತ್ತವೆ. ಬೆಳೆದ ಹುಳುವಿಗೆ ಬಾಯಿಲ್ಲ, ಕರುಳಿಲ್ಲ. ಅದರ ಮೈಯೊಳಗೆ ಬ್ಯಾಕ್ಟೀರಿಯಾಗಳ ದಂಡೇ ಇದೆ. ಬುಗ್ಗೆಯಿಂದ ಬರುವ ಹೈಡ್ರೋಜನ್ ಸಲ್ಫೈಡನ್ನು ಆಮ್ಲಜನಕದ ಜೊತೆ ಸೇರಿಸಿ, ಅದರಿಂದ ಸಿಗುವ ಶಕ್ತಿಯಿಂದ ಅವು ಆಹಾರ ಕಟ್ಟುತ್ತವೆ. ಹುಳು ಅದರ ಮೇಲೆ ಬದುಕುತ್ತದೆ. ಹುಳುವನ್ನು ಏಡಿಗಳು, ಮೀನುಗಳು ಕಿತ್ತು ತಿನ್ನುತ್ತವೆ. ಬುಡದಲ್ಲಿ ಎಲೆಯ ಬದಲು ಬ್ಯಾಕ್ಟೀರಿಯಾ ಅನ್ನುವುದು ಬಿಟ್ಟರೆ ಅಲ್ಲೂ ಇದೇ ಸರಪಳಿ, ಇದೇ ಸೋರಿಕೆ.

ಆದರೆ ಆ ಆಮ್ಲಜನಕ ಎಲ್ಲಿಂದ ಬಂತು? ಮೇಲೆ, ಬಿಸಿಲಿನಲ್ಲಿ, ಸಸ್ಯಗಳು ಮತ್ತು ಪ್ಲವಕಗಳು ಬಿಟ್ಟದ್ದು ನೀರಿನಲ್ಲಿ ಕರಗಿ ಕೆಳಗಿಳಿದದ್ದು. ಹಾಗಾಗಿ ಕೊಳವೆ ಹುಳುವಿಗೂ ಸೂರ್ಯನ ಋಣ ಪೂರ್ತಿ ತಪ್ಪಿಲ್ಲ. ಅದೇ ಬುಗ್ಗೆಗಳಲ್ಲಿ ಆಮ್ಲಜನಕವೇ ಬೇಡದ ಕೆಲವು ಸೂಕ್ಷ್ಮಜೀವಿಗಳೂ ಇವೆ. ಬಂಡೆ ಮತ್ತು ಬಿಸಿನೀರಿನ ನಡುವಿನ ಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಜನ್ನನ್ನು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಸಿ, ಮೀಥೇನ್ ಮಾಡಿ ಬದುಕುತ್ತವೆ. ಬಿಸಿಲಿನ ಶಕ್ತಿಯೂ ಬೇಡ, ಬಿಸಿಲಿನಿಂದ ಹುಟ್ಟಿದ ಆಮ್ಲಜನಕವೂ ಬೇಡ. ಸೂರ್ಯನ ಹಂಗಿಲ್ಲದವರು ಎಂದು ಯಾರನ್ನಾದರೂ ಮಗಳಿಗೆ ತೋರಿಸಬೇಕಿದ್ದರೆ ಈ ಸೂಕ್ಷ್ಮಜೀವಿಗಳನ್ನು ತೋರಿಸಿ.